ಅಪ್ಪನ ಕೈಗಳ ಸಿನಿಮಾ

"ಅಲ್ಲೇ ನಿಂತ್ಕೊಳ್ಳಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಕಲ್ಲಾಗಿ ನಿಂತಳು. ಕಂಪ್ಯೂಟರ್‌ಗಳ ಹಿಂದಿನಿಂದ ತಲೆಗಳೆಲ್ಲ ಒಮ್ಮೆಲೇ ಅವಳತ್ತ ತಿರುಗಿದವು.

ಬಿಳಿ ಪರದೆಯ ಮುಂದೆ ವಿಡಿಯೋ ಎಡಿಟಿಂಗ್ ಕ್ಲಾಸಿನ ಮೇಷ್ಟ್ರು ನಿಂತಿದ್ದ. ಮೇಷ್ಟ್ರು ಅಂದರೆ ವಯಸ್ಸಾದವನೇನಲ್ಲ. ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ನಿದ್ದೆಗೆಟ್ಟ ಕಣ್ಣು, ಬಾಚಣಿಗೆ ಕಂಡು ಯಾವ ಕಾಲವಾಯಿತೋ ಎಂಬಂಥ ತಲೆ.

"ಯಾಕೆ ಲೇಟು? ನನ್ನ ಮುಖ ನೋಡ್ಕೊಂಡು ಹೇಳಿ."

"ಬಸ್... ಬಸ್ ಸಿಗಲಿಲ್ಲ ಸರ್."

ಅವನು ಚಿಟಿಕೆ ಹೊಡೆದ. "ಇಲ್ಲಿ ಕಟ್! ಮುಂದೆ ಹೇಳಿ."

"ಆಮೇಲೆ... ನಡ್ಕೊಂಡೇ ಬಂದೆ..."

ಮತ್ತೆ ಚಿಟಿಕೆ. "ಇಲ್ಲೂ ಕಟ್! ನೋಡಿದ್ರಾ ಎಲ್ಲರೂ? ಇವರು ಕಣ್ಣು ಮಿಟುಕಿಸಿದ ಕಡೆಯೆಲ್ಲ ನಾನು ಚಿಟಿಕೆ ಹೊಡೆದೆ. ಮನುಷ್ಯ ಒಂದು ಯೋಚನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕಣ್ಣು ಮಿಟುಕಿಸ್ತಾನೆ. ಎಡಿಟ್ ಮಾಡುವಾಗ ಎಲ್ಲಿ ಕತ್ತರಿಸಬೇಕು ಅಂತ ತಿಳೀದಿದ್ರೆ ಎದುರಿಗಿರೋ ಮುಖ ನೋಡಿ. ಅದೇ ಹೇಳುತ್ತೆ."

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತುಂಟತನಕ್ಕೆ ಕಡಿವಾಣ ಎಲ್ಲಿ?

"ಅಂದ ಹಾಗೆ, ಸುಳ್ಳು ಹೇಳುವಾಗ ಕಣ್ಣು ಇನ್ನೂ ಜಾಸ್ತಿ ಮಿಟುಕುತ್ತೆ. ಬಸ್ ಸಿಕ್ಕಿತ್ತು, ಅಲ್ವಾ ಲೇಟ್ ಮೇಡಂ?"

ಕ್ಲಾಸು ಗೊಳ್ಳೆಂದು ನಕ್ಕಿತು. ಅವಳ ಕಿವಿ ಬಿಸಿಯಾಯಿತು. ಯಾಕೆಂದರೆ ಅದು ಸುಳ್ಳೇ ಆಗಿತ್ತು! ಬೆಳಿಗ್ಗೆ ಅಪ್ಪನ ಕೈಯಿಂದ ಲೋಷನ್ ಬಾಟಲಿ ಜಾರಿ ಅಂಗಡಿ ತುಂಬ ಗಾಜಾಗಿತ್ತು. ಗುಡಿಸಿ, ಅಪ್ಪನನ್ನು ಕೂರಿಸಿ, "ಹಳೇ ಬಾಟ್ಲು ಬಿಡಪ್ಪ" ಎಂದು ಸಮಾಧಾನ ಹೇಳಿ ಬರುವಷ್ಟರಲ್ಲಿ ಹೊತ್ತಾಗಿತ್ತು. ಅದನ್ನೆಲ್ಲ ಇಷ್ಟು ಜನರ ಮುಂದೆ ಹೇಗೆ ಹೇಳುವುದು?

'ಸೊಕ್ಕಿನವನು! ಮುಖ ಓದ್ತಾನಂತೆ ಮುಖ!' ಎಂದುಕೊಳ್ಳುತ್ತ ಖಾಲಿ ಕುರ್ಚಿಗೆ ಹೋದಳು.

ಹೋಗುವಾಗ ಅವಳ ಕಣ್ಣಂಚಿನ ನೀರು ಅವನಿಗೆ ಕಂಡಿತು. ಅವನ ನಗು ಅಲ್ಲೇ ಉಡುಗಿತು. ತಮಾಷೆ ಎಲ್ಲೋ ತಪ್ಪಿದೆ... ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

* * *

ಅವಳು ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಮದುವೆ ಫೋಟೋಗಳಲ್ಲಿ ಮದುಮಗಳ ಮೊಡವೆ ಅಳಿಸುವುದು, ಆಲ್ಬಮ್ ಜೋಡಿಸುವುದು. ಕ್ಲಾಸಿಗೆ ಸೇರುವ ಮೊದಲು ಒಂದು ದಿನ ಓನರಮ್ಮ ಕರೆದು ಕೂರಿಸಿಕೊಂಡಿದ್ದರು.

"ಈಗ ಆಲ್ಬಮ್ ಯಾರಿಗೆ ಬೇಕಮ್ಮ? ಎಲ್ಲರಿಗೂ ವಿಡಿಯೋನೇ ಬೇಕು. ಎಡಿಟಿಂಗ್ ಕಲಿತು ಬಾ. ಕೋರ್ಸ್ ಮುಗಿಯೋದ್ರೊಳಗೆ ನಿನ್ನ ಕೈಯಾರೆ ಒಂದು ಸಣ್ಣ ಸಿನಿಮಾ ಮಾಡಿ ತೋರಿಸು. ಆಗಲಿಲ್ಲ ಅಂದ್ರೆ... ನಾನು ಕಲಿತವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ ಅವಳಿಗೆ. ಮನೆಯಲ್ಲಿ ನಡೆಯುತ್ತಿದ್ದುದೇ ಬೇರೆ.

ಅಪ್ಪನದು ಕಟ್ಟಿಂಗ್ ಶಾಪು. ಮುಂದೆ ಅಂಗಡಿ, ಹಿಂದೆ ಮನೆ. ಅಮ್ಮ ಹೋದಮೇಲೆ ಮನೆ ನೋಡಿಕೊಳ್ಳಲು ಬಂದ ಸೋದರತ್ತೆ ಅಲ್ಲೇ ಉಳಿದಿದ್ದರು. ಮೂವರೇ ಇದ್ದರೂ ಅತ್ತೆಯ ಬಾಯಿಯಿಂದಾಗಿ ಮನೆ ತುಂಬಿದಂತಿತ್ತು.

ಮೊದಲು ಟೀ ಲೋಟ ಹಿಡಿದಾಗ ಅಪ್ಪನ ಬಲಗೈ ನಡುಗಿತು. ಆಮೇಲೆ ಅಂಗಿಯ ಗುಂಡಿ ಹಾಕುವಾಗ. ಆಮೇಲೆ, ಸುಮ್ಮನೆ ಕೂತಾಗಲೂ. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿದರು. "ಇದು ವಾಸಿಯಾಗಲ್ಲಮ್ಮ, ನಿಧಾನ ಮಾಡಬಹುದು ಅಷ್ಟೇ" ಎಂದರು.

ಅಪ್ಪ ಮನೆಗೆ ಬಂದವರೇ ಒಂದೇ ಮಾತು ಹೇಳಿದರು.

"ಇದು ಹೊಸ್ತಿಲು ದಾಟಬಾರದು. ಕೈ ನಡುಗೋನ ಮುಂದೆ ಯಾರು ಕುತ್ತಿಗೆ ಒಡ್ತಾರೆ?"

ಅಂದಿನಿಂದ ಗಿರಾಕಿ ಬಂದರೆ ಅಪ್ಪನ ಬಲಗೈ ಏಪ್ರನ್ನಿನ ಜೇಬಿನೊಳಗೆ. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಕತ್ತರಿ ಹಿಡಿಯುವುದು. ಯಾರಾದರೂ ಶೇವಿಂಗ್ ಕೇಳಿದರೆ "ಬ್ಲೇಡ್ ಮುಗಿದಿದೆ, ನಾಳೆ ಬನ್ನಿ" ಅನ್ನುವುದು. ಆ ನಾಳೆ ಬರುತ್ತಲೇ ಇರಲಿಲ್ಲ. ಗಿರಾಕಿಗಳೂ ಒಬ್ಬೊಬ್ಬರೇ ಬರುವುದು ಬಿಟ್ಟರು.

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಅದು ನಿಮ್ಮಪ್ಪನ್ನ ನೋಡೇ ಹೇಳಿದ್ದು" ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗಿ, ಆಚೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವಳ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ಅಪ್ಪನ ಕೈ ನಿಲ್ಲಿಸಲಾಗದು. ಅಂಗಡಿ ಉಳಿಸಲಾಗದು. ಯಾರ ಹತ್ತಿರವೂ ಹೇಳಿಕೊಳ್ಳಲೂ ಆಗದು!

* * *

"ನಿಮಗೆ ಹತ್ತಿರದವರೊಬ್ಬರ ಕೆಲಸವನ್ನ ಮಾತೇ ಇಲ್ಲದೆ ತೋರಿಸಿ. ಮೂರು ನಿಮಿಷದ ಸಿನಿಮಾ. ಈ ಸಾಫ್ಟ್‌ವೇರ್ ಕಲಿಯೋಕೆ ಇದೇ ದಾರಿ. ಮಾಡ್ತಾ ಮಾಡ್ತಾನೇ ಬರಬೇಕು" ಎಂದಿದ್ದ ಮೇಷ್ಟ್ರು. ಕ್ಲಾಸಿನಲ್ಲಿ ಎಲ್ಲರೂ ಅವನನ್ನು ಕತ್ತರಿ ಸರ್ ಅನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು.

ಅವಳಿಗೆ ಅಪ್ಪನ ಕೈಗಳನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಅಪ್ಪ ಬಹಳ ಹೊತ್ತು ಯೋಚಿಸಿ ಒಪ್ಪಿದರು. "ಮುಖ ಬೇಡ. ಕೈ ಮಾತ್ರ ತೆಗಿ. ಆದ್ರೆ ನಡುಗಿದ್ದು ಕಾಣಬಾರದು, ಆಯ್ತಾ ಮಗಳೇ?"

"ಆಯ್ತಪ್ಪ."

ಆಯ್ತು ಎಂದುಬಿಟ್ಟಳು. ಮಾಡುವುದು ಹೇಗೆಂದು ಗೊತ್ತಿರಲಿಲ್ಲ!

ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹತ್ತಿರದಿಂದ ತೆಗೆದಳು. ಬಾಚಣಿಗೆ ಒರೆಸುವ ಕೈ. ಬಟ್ಟೆ ಕೊಡವುವ ಕೈ. ಮೇಜಿನ ಮೇಲೆ ಕತ್ತರಿಗೆ ಎಣ್ಣೆ ಬಿಡುವ ಕೈ. ಎಲ್ಲದರಲ್ಲೂ ಆ ನಡುಕ. ಗಾಳಿಗೆ ಸಿಕ್ಕ ಎಲೆಯ ಹಾಗೆ.

ಸಾಫ್ಟ್‌ವೇರೋ, ಅದು ಅವಳ ಜೀವ ಹಿಂಡಿತು. ಇಂದು ಹಾಕಿದ ಕ್ಲಿಪ್ ನಾಳೆ ಇರುತ್ತಿರಲಿಲ್ಲ. ಚಿತ್ರ ಬಂದರೆ ಶಬ್ದವಿಲ್ಲ, ಶಬ್ದ ಬಂದರೆ ಚಿತ್ರವಿಲ್ಲ. ಒಂದು ದಿನ ಎಲ್ಲ ತುಣುಕುಗಳೂ ಕೆಂಪಾಗಿ, 'ಫೈಲ್ ಸಿಗುತ್ತಿಲ್ಲ' ಎಂಬ ಸಂದೇಶ ಬಂತು.

"ಸರ್! ನನ್ನ ಸಿನಿಮಾ ಪೂರ್ತಿ ಹೋಯ್ತು!"

ಅವನು ಬಂದು ಬಗ್ಗಿ ನೋಡಿದ. "ಫೋಲ್ಡರ್ ಬೇರೆ ಕಡೆ ಇಟ್ರಾ?"

"ಹೂಂ... ನೀಟಾಗಿರ್ಲಿ ಅಂತ."

"ಮನೆ ಬದಲಾಯಿಸಿ ವಿಳಾಸ ಹೇಳದೇ ಹೋದ್ರೆ ಪಾಪ ಅದಾದ್ರೂ ಎಲ್ಲಿ ಹುಡುಕುತ್ತೆ?"

ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಆ ನಗುವಿಗೆ ಅವನು ಮೌಸ್ ಹಿಡಿದ ಕೈ ಮರೆತು ನಿಂತ.

"ಇವರು ಯಾರು?" ಎಂದು ಪರದೆ ತೋರಿಸಿದ.

"ನಮ್ಮಪ್ಪ. ನಮ್ಮದೂ ಕಟ್ಟಿಂಗ್ ಕೆಲಸಾನೇ ಸರ್. ನೀವು ವಿಡಿಯೋ, ಅಪ್ಪ ತಲೆ."

"ಹಾಗಾದ್ರೆ ನನ್ನ ತಲೆ ನೋಡಿದ್ರೆ ಏನಂತಾರೆ?"

"ಏನೂ ಅನ್ನಲ್ಲ. ಹಿಡಿದು ಕೂರಿಸ್ತಾರೆ."

ಅವನು ನಾಚಿ ಕೂದಲ ಮೇಲೆ ಕೈಯಾಡಿಸಿಕೊಂಡ. 'ಸೊಕ್ಕಿನವನು' ಎಂಬ ಮಾತು ಅಂದಿನಿಂದ ಅವಳ ಮನಸ್ಸಿನಲ್ಲಿ ಸವೆಯತೊಡಗಿತು.

ಕ್ಲಾಸು ಮುಗಿದ ಮೇಲೂ ಅವಳು ಕೂರುತ್ತಿದ್ದಳು. ಅವನೂ ಏನಾದರೊಂದು ನೆಪ ಹುಡುಕಿ ಕೂರುತ್ತಿದ್ದ. ಅಪ್ಪನ ಕೈ ನಿಂತಿರುವ ಗಳಿಗೆಗಳನ್ನು ಹುಡುಕಿ, ನಡುಗುವುದನ್ನೆಲ್ಲ ಕತ್ತರಿಸಿ, ಉಳಿದ ಚೂರುಗಳನ್ನು ಪೋಣಿಸುವುದೇ ಅವಳ ಕೆಲಸ. ನಡುಕವಿಲ್ಲದ ಚೂರುಗಳು ಎಷ್ಟು ಚಿಕ್ಕವು! ಕತ್ತರಿಸಿದಷ್ಟೂ ಅಪ್ಪನೇ ಕಡಿಮೆಯಾಗುತ್ತಿದ್ದಾರೆ ಅನ್ನಿಸುತ್ತಿತ್ತು.

"ಯಾಕ್ರೀ ಇಷ್ಟು ಕೊಚ್ಚಿ ಹಾಕಿದೀರಾ?" ಎಂದ ಅವನು ಒಮ್ಮೆ. "ನೋಡೋರಿಗೆ ಉಸಿರಾಡೋಕೂ ಬಿಡಬೇಕಲ್ಲ."

"ಫೋನ್... ಫೋನ್ ಅಲುಗಾಡಿತ್ತು ಸರ್. ಅದಕ್ಕೆ."

"ಅಷ್ಟೇನಾ? ಅದಕ್ಕೊಂದು ದಾರಿ ಇದೆ. ಹೇಳಿಕೊಡ್ತೀನಿ ಬಿಡಿ."

ಪರದೆಯನ್ನು ಸರಿಯಾಗಿ ನೋಡಿದ್ದರೆ ಅಂದೇ ಅವನಿಗೆ ನಿಜ ತಿಳಿಯುತ್ತಿತ್ತು. ಆದರೆ ಅವನು ನೋಡುತ್ತಿದ್ದುದು ಪರದೆಯನ್ನಲ್ಲ.

'ಹೇಳಿಬಿಡಲಾ ಇವರಿಗೆ? ಫೋನ್ ಅಲ್ಲ, ಅಪ್ಪನ ಕೈ ಅಂತ... ಒಬ್ಬರಿಗಾದರೂ ಹೇಳಿದರೆ ಈ ಭಾರ ಇಳಿಯುತ್ತದೇನೋ...'

"ಸರ್, ಒಂದು ಮಾತು..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅತ್ತೆ ಅಳುತ್ತಿದ್ದರು.

"ನಿಮ್ಮಪ್ಪ ಬಚ್ಚಲಲ್ಲಿ ಬಿದ್ದುಬಿಟ್ರು ಕಣೇ! ಬೇಗ ಬಾರೇ!"

ಅವಳು ಚೀಲ ಎತ್ತಿಕೊಂಡು ಓಡಿದಳು. ಸಿನಿಮಾ ಇದ್ದ ಹಾರ್ಡ್ ಡ್ರೈವ್ ಕಂಪ್ಯೂಟರಿನಲ್ಲೇ ಉಳಿಯಿತು.

* * *

ಮರುದಿನ ಕ್ಲಾಸಿನಲ್ಲಿ ಅವಳ ಕುರ್ಚಿ ಖಾಲಿ. ಅವನ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು.

'ಪಾಪ, ಆ ಅಲುಗಾಟದ ಜೊತೆ ಎಷ್ಟು ಒದ್ದಾಡ್ತಿದ್ದಾಳೆ. ಬರೋ ಹೊತ್ತಿಗೆ ಸರಿ ಮಾಡಿ ಇಟ್ಟರೆ...'

ಅಲುಗಾಡುವ ಚಿತ್ರವನ್ನು ನಿಲ್ಲಿಸುವ ಒಂದು ಎಫೆಕ್ಟ್ ಆ ಸಾಫ್ಟ್‌ವೇರಿನಲ್ಲಿತ್ತು. ಅವಳ ಉದ್ದನೆಯ ಕ್ಲಿಪ್ ಒಂದರ ಮೇಲೆ ಅದನ್ನು ಹಾಕಿ, ಅವಳ ಡ್ರೈವಿನಲ್ಲೇ ಸೇವ್ ಮಾಡಿದ. ಎಲ್ಲರಿಗೂ ಪಾಠವಾಗಲಿ ಎಂದು, ತಾನೂ ಮೊದಲು ನೋಡದೆ, ದೊಡ್ಡ ಪರದೆಗೆ ಬಿಟ್ಟ.

"ನೋಡಿ, ಕೈಯಲ್ಲಿ ಹಿಡಿದ ಫೋನ್ ಅಲುಗಾಡಿದ್ರೆ ಹೀಗೆ..."

ಪರದೆಯ ಮೇಲೆ ಅಪ್ಪನ ಕೈಗಳು. ಒಂದಿಷ್ಟೂ ಅಲುಗದೆ, ಕಡೆದಿಟ್ಟ ಹಾಗೆ. ಆದರೆ ಅವುಗಳ ಸುತ್ತ ಮೇಜು ನಡುಗುತ್ತಿತ್ತು! ಪೌಡರ್ ಡಬ್ಬಿ ನಡುಗುತ್ತಿತ್ತು, ಬಾಚಣಿಗೆ ನಡುಗುತ್ತಿತ್ತು, ಕನ್ನಡಿಯ ಅಂಚು ನಡುಗುತ್ತಿತ್ತು.

"ಸರ್, ಮೇಜಿಗೆ ಚಳಿಜ್ವರ!" ಎಂದು ಯಾರೋ ಕೂಗಿದರು. ಕ್ಲಾಸು ನಕ್ಕಿತು.

ಅವನು ನಗಲಿಲ್ಲ. ಫೋನ್ ಅಲುಗಾಡಿದ್ದರೆ ಈಗ ಕೈಯೂ ಮೇಜೂ ಎರಡೂ ನಿಲ್ಲಬೇಕಿತ್ತು. ಕೈ ಮಾತ್ರ ನಿಂತು ಮೇಜು ಅಲ್ಲಾಡುತ್ತಿದೆ ಎಂದರೆ... ನಿಜದಲ್ಲಿ ನಿಂತಿದ್ದುದು ಮೇಜು. ನಡುಗುತ್ತಿದ್ದುದು...

'ಅಯ್ಯೋ.'

ಪರದೆ ಆರಿಸಲು ತಿರುಗಿದ. ಬಾಗಿಲಲ್ಲಿ ಅವಳಿದ್ದಳು.

ಡ್ರೈವ್ ತೆಗೆದುಕೊಂಡು ಹೋಗಲೆಂದು ಬಂದಿದ್ದಳು. ಕೆದರಿದ ಕೂದಲು, ಆಸ್ಪತ್ರೆಯ ಚೀಟಿ ಅಂಟಿದ ಚೀಲ. ಅವಳ ಕಣ್ಣು ಪರದೆಯ ಮೇಲೆ, ಕಿವಿ ಆ ನಗುವಿನ ಮೇಲೆ.

"ಯಾರನ್ನ ಕೇಳಿ ಮುಟ್ಟಿದ್ರಿ?"

ನಗು ನಿಂತಿತು.

"ನನಗೆ... ನನಗೆ ಗೊತ್ತಿರಲಿಲ್ಲ..."

"ಮುಖ ನೋಡಿ ಮನಸ್ಸು ಹೇಳ್ತೀರಲ್ಲ ನೀವು! ನನ್ನ ಮುಖದಲ್ಲಿ ಇದೊಂದು ಕಾಣಲಿಲ್ವಾ? ಅದು ನಮ್ಮಪ್ಪನ ಕೈ! ಊರಿಗೆಲ್ಲ ಬಚ್ಚಿಟ್ಟ ಕೈ! ನಗೋಕೆ ಹಾಕಿದ್ರಾ?"

"ಇಲ್ಲರೀ, ನನ್ನ ಮಾತು ಕೇಳಿ..."

ಅವಳು ಕೇಳಲಿಲ್ಲ. ಡ್ರೈವ್ ಎಳೆದುಕೊಂಡಳು. ಪರದೆ ಕಪ್ಪಾಯಿತು. ಅವನು ಮೆಟ್ಟಿಲವರೆಗೆ ಓಡಿ ಬಂದ. ಅಷ್ಟರಲ್ಲಿ ಅವಳು ಬೀದಿಯ ಜನರಲ್ಲಿ ಕರಗಿದ್ದಳು.

* * *

ಆಮೇಲೆ ಅವನ ಕರೆಗಳು ಬಂದವು. ಅವಳು ಎತ್ತಲಿಲ್ಲ. 'ಕ್ಷಮಿಸಿ' ಎಂಬ ಸಂದೇಶಗಳು ಬಂದವು. ಓದಿದಳು, ಉತ್ತರಿಸಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ಕೋರ್ಸ್ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಇತ್ತ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತ ಅಪ್ಪ.

'ಅವರ ಮೇಲೆ ಕೋಪ ಯಾಕೆ? ಸುಳ್ಳು ಹೇಳಿದವಳು ನಾನೇ ಅಲ್ಲವೇ?' ಎಂದು ಒಂದು ಮನಸ್ಸು. 'ಆದರೂ ಆ ನಗು...' ಎಂದು ಇನ್ನೊಂದು. ಎರಡರ ನಡುವೆ ಅವಳು ಬೆಂದುಹೋದಳು.

ಒಂದು ಮಧ್ಯಾಹ್ನ ಆ ಕ್ಲಿಪ್ ಅಳಿಸಿಬಿಡೋಣವೆಂದು ಸ್ಟುಡಿಯೋದಿಂದ ತಂದಿದ್ದ ಹಳೆಯ ಲ್ಯಾಪ್‌ಟಾಪ್ ತೆರೆದಳು. ಅಪ್ಪ ಬಂದು ಪಕ್ಕದಲ್ಲಿ ಕೂತರು.

"ಎಲ್ಲಿ, ನನ್ನ ಸಿನಿಮಾ ತೋರ್ಸು."

"ಇನ್ನೂ ಆಗಿಲ್ಲಪ್ಪ..."

ಅಷ್ಟರಲ್ಲಿ ಅಪ್ಪನ ನಡುಗುವ ಬೆರಳು ಕೀಲಿಯೊಂದಕ್ಕೆ ತಾಗಿತು. ಕ್ಲಿಪ್ ಓಡತೊಡಗಿತು. ತಡೆಯಲು ಆಗಲಿಲ್ಲ.

ಅಪ್ಪ ಉಸಿರು ಬಿಗಿಹಿಡಿದು ನೋಡಿದರು.

"ಇದು ನನ್ನ ಕೈನಾ?"

"ಹೂಂ."

"ನಿಂತಿದೆ...!"

ಅಪ್ಪ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು.

"ಇನ್ನೊಂದ್ಸಲ ಹಾಕು."

ಹಾಕಿದಳು. ಮತ್ತೊಮ್ಮೆ ಅಂದರು. ಮತ್ತೊಮ್ಮೆ. ಆಮೇಲೆ ಇದ್ದಕ್ಕಿದ್ದಂತೆ ಅಪ್ಪ ನಗತೊಡಗಿದರು. "ನೋಡೇ! ನನ್ನ ಕೈ ಗುಂಡುಕಲ್ಲಿನ ಥರ ಇದೆ, ಅಂಗಡಿಗೇ ನಡುಕ ಹತ್ತಿದೆ!" ನಗುತ್ತ ನಗುತ್ತ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋದ ಕೈ ಕೆನ್ನೆಯನ್ನು ತಪ್ಪಿ ಕಿವಿಗೆ ತಾಗಿತು.

ಅವಳೇ ಒರೆಸಿದಳು.

"ನನಗೆ ಒಳಗಿಂದ ಹೀಗೇ ಅನ್ಸೋದು ಮಗಳೇ. ನಾನು ನೆಟ್ಟಗೇ ಇದೀನಿ, ಲೋಕಾನೇ ಅಲ್ಲಾಡ್ತಿದೆ ಅಂತ. ಬಾಯಲ್ಲಿ ಹೇಳೋಕೆ ಬರ್ತಿರಲಿಲ್ಲ. ಯಾರೇ ಮಾಡಿದ್ದು ಇದನ್ನ?"

"ನಮ್ಮ ಸರ್... ಬೇಕಂತ ಅಲ್ಲಪ್ಪ. ಗೊತ್ತಿಲ್ಲದೆ."

ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. 'ಬೇಕಂತ ಅಲ್ಲ' ಎಂದು ತನ್ನ ಬಾಯೇ ಅವನ ಪರ ವಕಾಲತ್ತು ಮಾಡಿತ್ತು!

* * *

ಅಪ್ಪ ಭುಜದ ಪಟ್ಟಿ ಬಿಚ್ಚಿ ಮತ್ತೆ ಅಂಗಡಿ ತೆರೆದಿದ್ದರು. ಅವಳು ಸ್ಟುಡಿಯೋಗೆ ಹೋಗಿದ್ದ ಒಂದು ಸಂಜೆ, ಅಂಗಡಿಯ ಬಾಗಿಲಲ್ಲಿ ಒಬ್ಬ ನಿಂತ. ಅವಳ ವಿಡಿಯೋದ ಮೂಲೆಯಲ್ಲಿ ಕಂಡ ಬೋರ್ಡಿನ ಅಕ್ಷರ ಹಿಡಿದು ಬೀದಿ ಬೀದಿ ಅಲೆದು ಬಂದಿದ್ದ.

ಅಪ್ಪನ ಬಲಗೈ ಏಪ್ರನ್ನಿನ ಜೇಬು ಸೇರಿತು. ಕಣ್ಣು ಮಾತ್ರ ಆ ತಲೆಯ ಮೇಲೆ ನೆಟ್ಟಿತು. "ಕಟ್ಟಿಂಗಾ?"

"ಶೇವಿಂಗ್."

"ಬ್ಲೇಡ್ ಮುಗಿದಿದೆ. ನಾಳೆ ಬನ್ನಿ."

"ಅಲ್ಲಿದೆಯಲ್ಲ ಯಜಮಾನ್ರೇ."

ಕಪಾಟಿನಲ್ಲಿ ಒಡೆಯದ ಬ್ಲೇಡಿನ ಪೊಟ್ಟಣವಿತ್ತು. ಅಪ್ಪ ಅದನ್ನೂ ಅವನನ್ನೂ ನೋಡಿದರು. ಕೊನೆಗೆ ಜೇಬಿನಿಂದ ಕೈ ಹೊರಗೆ ತೆಗೆದು ಅವನ ಮುಂದೆ ಹಿಡಿದರು.

"ನೋಡಪ್ಪ. ಇದು ಕಾರಣ."

"ಗೊತ್ತು ಯಜಮಾನ್ರೇ. ನಾನು ನಿಮ್ಮ ಮಗಳ ಮೇಷ್ಟ್ರು. ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ಓಹೋ! ನನ್ನ ಅಂಗಡಿ ನಡುಗಿಸಿದೋನು ನೀನೇನಾ?"

ಅವನು ತಲೆ ತಗ್ಗಿಸಿದ.

ಅಪ್ಪ ಏನು ಯೋಚಿಸಿದರೋ. ಕುರ್ಚಿಯ ಧೂಳು ಕೊಡವಿದರು. "ಕೂತ್ಕೋ."

ಅವಳು ಕೆಲಸ ಮುಗಿಸಿ ಬಂದಾಗ ಕಂಡದ್ದು ಇದು. ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿದ ಅವನು. ಮುಖದ ತುಂಬ ನೊರೆ. ಅವನ ಮೇಲೆ ಬಗ್ಗಿದ ಅಪ್ಪ. ಅಪ್ಪನ ಕೈಯಲ್ಲಿ ರೇಜರ್!

ಕೂಗಿದರೆ ಅಪ್ಪ ಬೆಚ್ಚುತ್ತಾರೆ. ಬೆಚ್ಚಿದರೆ... ದೇವರೇ!

ಕನ್ನಡಿಯಲ್ಲಿ ಅಪ್ಪ ಅವಳನ್ನು ಕಂಡರು. "ಬಾ ಮಗಳೇ. ಮಣಿಕಟ್ಟು ಹಿಡ್ಕೋ."

ಕಾಯಿಲೆ ಬಂದಾಗಿನಿಂದ ಅಪ್ಪ ಅವಳ ಸಹಾಯ ಕೇಳಿದ್ದು ಅದೇ ಮೊದಲು. ಹೋಗಿ ಎರಡೂ ಕೈಯಿಂದ ಹಿಡಿದಳು. ಅಪ್ಪನ ನಡುಕ ಅವಳ ತೋಳಿಗೆ ಹತ್ತಿತು. ಒಂದು ಕೆನ್ನೆ ಮುಗಿಯಿತು. ನುಣ್ಣಗೆ, ಹಳೆಯ ಕಾಲದ ಅಪ್ಪನ ಕೈಯ ಹಾಗೆ. ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, 'ಆಗಬಹುದು' ಎಂದು ಅವಳಿಗೂ ಅನ್ನಿಸಿಬಿಟ್ಟಿತು.

ಇನ್ನೊಂದು ಕೆನ್ನೆ ಶುರುವಾಯಿತು. ಕಿವಿಯ ಹತ್ತಿರ ಕೈ ಜಗ್ಗಿತು. ನೊರೆಯ ಮೇಲೆ ಕೆಂಪು ಗೆರೆ ಎದ್ದಿತು.

"ಅಪ್ಪಾ!"

ರೇಜರ್ ಠಣ್ಣೆಂದು ಬೇಸಿನ್ನಿಗೆ ಬಿತ್ತು.

"ಏನೂ ಆಗಿಲ್ಲ ಯಜಮಾನ್ರೇ. ಗೀರು ಅಷ್ಟೇ" ಎಂದ ಅವನು.

"ನಿನಗೆ ಗೀರು ಕಣಪ್ಪ. ನನಗೆ ಇಲ್ಲಿಗೆ ಸಾಕು."

ಅಪ್ಪ ಏಪ್ರನ್ ಬಿಚ್ಚಿದರು. ಮಡಿಸಲು ನೋಡಿದರು, ಆಗಲಿಲ್ಲ. ಕುರ್ಚಿಯ ಬೆನ್ನ ಮೇಲೆ ಹಾಕಿ ಮನೆಯೊಳಗೆ ಹೋದರು.

ಅವಳು ಪಟಿಕದ ತುಂಡನ್ನು ಒದ್ದೆ ಮಾಡಿ ಗಾಯಕ್ಕೆ ಒತ್ತಿದಳು.

"ಉರಿಯುತ್ತಾ?"

"ಇಲ್ಲ."

"ಉರೀಬೇಕು! ನಿಮ್ಮ ದೊಡ್ಡತನ ತೋರಿಸೋಕೆ ಅಪ್ಪನ ಕೈಗೆ ಬ್ಲೇಡ್ ಕೊಟ್ರಾ? ಈಗ ನೋಡಿ. ಎಲ್ಲ ಮುಗೀತು. ಇಷ್ಟು ದಿನ ಬ್ಲೇಡ್ ಇಲ್ಲ ಅಂತ ಸುಳ್ಳಾದ್ರೂ ಹೇಳ್ತಿದ್ರು!"

ಅವನು ತಡೆದು ತಡೆದು ಹೇಳಿದ. "ನಾನು ಕೈ ಹಾಕಿದ್ದೆಲ್ಲ ಹಾಳಾಗ್ತಿದೆ. ತಪ್ಪು ಕಂಡ್ರೆ ಸರಿ ಮಾಡೋದೇ ನನ್ನ ಕೆಲಸ, ಕೈ ಸುಮ್ಮನಿರಲ್ಲ. ಇಲ್ಲಿ ಏನು ಮಾಡ್ಬೇಕು ಅಂತ ಮಾತ್ರ ನನಗೆ ತಿಳೀತಿಲ್ಲ. ನೀವೇ ಹೇಳಿ, ಏನು ಮಾಡ್ಲಿ?"

"ಏನೂ ಮಾಡಬೇಡಿ." ಅವಳ ದನಿ ಒಡೆಯಿತು. "ಮಾಡೋಕೆ ಏನೂ ಇಲ್ಲ. ನನಗೂ ಇಲ್ಲ, ನಿಮಗೂ ಇಲ್ಲ. ಸುಮ್ನೆ ಕೂತ್ಕೊಳ್ಳಿ."

ಅವನು ಕೂತ. ಅರ್ಧ ಮುಖದ ನೊರೆ ಒಣಗುತ್ತಿತ್ತು. ಅವಳು ಪಕ್ಕದ ಕುರ್ಚಿಯಲ್ಲಿ ಕುಸಿದು ಅತ್ತಳು. ಕಾಯಿಲೆಯ ಹೆಸರು ಕೇಳಿದ ದಿನದಿಂದ ಕಟ್ಟಿಟ್ಟುಕೊಂಡಿದ್ದ ಅಳು. 'ಅಳಬೇಡ' ಎಂದು ಅವನು ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ.

ಅತ್ತೆ ಬಾಗಿಲ ಸಂದಿಯಿಂದ ಇಣುಕಿದರು. "ಅರ್ಧ ಮುಖ ಇಟ್ಕೊಂಡು ಬೀದಿಗೆ ಹೋಗ್ತೀಯೇನಪ್ಪಾ? ನಾಯಿ ಬೊಗಳುತ್ತೆ."

ಅವಳು ಅಳುತ್ತಲೇ ನಕ್ಕಳು. ರೇಜರ್ ತೊಳೆದಳು, ಹೊಸ ನೊರೆ ಹಚ್ಚಿದಳು. ಹುಟ್ಟಿದಾಗಿನಿಂದ ನೋಡಿದ ಕೆಲಸ, ಕೈಗೆ ಬಂದದ್ದು ಇಂದೇ. ಉಳಿದ ಅರ್ಧ ಕೆನ್ನೆಯನ್ನು ಅವಳೇ ಮುಗಿಸಿದಳು. ಈ ಸಲ ಅವನು ಕಣ್ಣು ಮುಚ್ಚಲಿಲ್ಲ.

* * *

ಮರುದಿನ ಅಪ್ಪ ಅಂಗಡಿ ತೆರೆಯಲಿಲ್ಲ. ಎಲ್ಲರೂ ಕೇಳಿದಾಗ "ಕೈ ನಡುಗುತ್ತಪ್ಪ, ಇನ್ನು ಆಗಲ್ಲ" ಎಂದು ಅವರೇ ಹೇಳಿದರು. ಹೇಳಿ, ಹಗುರಾದವರಂತೆ ಮಲಗಿಬಿಟ್ಟರು.

ಎದ್ದ ಮೇಲೆ ಅವಳನ್ನು ಕರೆದರು. "ಸಿನಿಮಾದಲ್ಲಿ ಏನೂ ಮುಚ್ಚಬೇಡ. ಇದ್ದ ಹಾಗೇ ಹಾಕು."

ಅವಳು ಕ್ಲಾಸಿಗೆ ಮರಳಿದಳು. ಕತ್ತರಿಸಿ ಎಸೆದಿದ್ದನ್ನೆಲ್ಲ ಮತ್ತೆ ತಂದು ಜೋಡಿಸಿದಳು. ಅವನು ಹಿಂದೆ ನಿಂತು ನೋಡುತ್ತಿದ್ದ. ಕೇಳಿದಾಗ ಹೇಳಿಕೊಟ್ಟ, ಕೇಳದಾಗ ಕೈಕಟ್ಟಿ ನಿಂತ. ಮೌಸ್ ಮುಟ್ಟಲಿಲ್ಲ. ಮುಟ್ಟದಿರುವುದು ಅವನಿಗೆ ಎಷ್ಟು ಕಷ್ಟವೆಂದು ಅವಳಿಗೆ ಕಾಣುತ್ತಿತ್ತು!

ಓನರಮ್ಮ ಸಿನಿಮಾ ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಮದುವೆ ಫುಟೇಜ್ ಬಂದು ಬಿದ್ದಿದೆ. ನಾಳೆಯಿಂದ ಶುರು ಮಾಡು" ಎಂದಷ್ಟೇ ಹೇಳಿ ಒಳಗೆ ಹೋದರು.

ಕೆಲಸ ಉಳಿಯಿತು. ಕಾಯಿಲೆಯೂ ಉಳಿಯಿತು.

ಚಳಿಗಾಲದ ಹೊತ್ತಿಗೆ ಅಪ್ಪನ ಹೆಜ್ಜೆ ಚಿಕ್ಕದಾಗುತ್ತ ಬಂತು. ಆಸ್ಪತ್ರೆಗೆ ಅವನೂ ಬರತೊಡಗಿದ. ಯಾರೂ ಕರೆದಿರಲಿಲ್ಲ. ಯಾರೂ ಬೇಡವೆಂದೂ ಅನ್ನಲಿಲ್ಲ. ಅಂದು ಡಾಕ್ಟರು ಮಾತ್ರೆ ಹೆಚ್ಚಿಸಿ, ಮುಂದೆ ಏನೇನು ಆಗಬಹುದೆಂದು ಬಿಡಿಸಿ ಹೇಳಿದರು. ನರ್ಸ್ ಅಪ್ಪನನ್ನು ನಡೆಸಿ ನೋಡಲು ಕಾರಿಡಾರಿನ ಆ ತುದಿಗೆ ಕರೆದೊಯ್ದಳು. ಅತ್ತೆ ಮಾತ್ರೆ ತರಲು ಹೋದರು. ಬೆಂಚಿನ ಮೇಲೆ ಇವರಿಬ್ಬರೇ.

"ಒಂದು ಮಾತು ಕೇಳ್ಲಾ?" ಎಂದ ಅವನು. "ಜಾಗ ಸರಿ ಇಲ್ಲ. ಹೊತ್ತೂ ಸರಿ ಇಲ್ಲ."

"ನಮ್ಮನೆಗೆ ಸರಿಯಾದ ಹೊತ್ತು ಬರಲ್ಲ ಸರ್. ಕೇಳಿ."

"ನನ್ನ ಮದುವೆ ಆಗ್ತೀರಾ?"

ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಿಸಿದಳು, ಬಿಡಿಸಿದಳು.

"ನೀವಂದ್ರೆ ಇಷ್ಟ. ತುಂಬಾ ಇಷ್ಟ. ಆದ್ರೆ ಅಪ್ಪನ್ನ ಬಿಟ್ಟು ಬರೋಕಾಗಲ್ಲ."

"ಬಿಟ್ಟು ಬನ್ನಿ ಅಂದ್ನಾ? ನಾನೇ ಬರ್ತೀನಿ."

"ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ರಲ್ಲ? ಊಟ ಮಾಡಿಸಬೇಕಾಗುತ್ತೆ. ಬಟ್ಟೆ ಹಾಕಬೇಕಾಗುತ್ತೆ. ಒಂದು ದಿನ ಮಾತೂ ನಿಲ್ಲಬಹುದಂತೆ..."

"ಕೇಳಿಸ್ಕೊಂಡೆ. ನನಗೆ ಭಯ ಆಗ್ತಿದೆ."

ಅವಳು ತಲೆಯೆತ್ತಿ ನೋಡಿದಳು. ಎಲ್ಲ ಸರಿಹೋಗುತ್ತೆ, ನಾನಿದ್ದೀನಲ್ಲ ಎಂದು ಅವನು ಹೇಳಿದ್ದರೆ ನಂಬುತ್ತಿರಲಿಲ್ಲವೇನೋ.

"ನನಗೂ ಭಯ" ಎಂದಳು. "ದಿನಾ ಭಯ."

"ಹಾಗಾದ್ರೆ ಇಬ್ರೂ ಒಟ್ಟಿಗೆ ಹೆದರ್ಕೊಂಡಿರೋಣ ಬನ್ನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಕಟ್ಟಿಕೊಳ್ಳೋ ಹುಡುಗೀನ ಯಾರಾದ್ರೂ ಬನ್ನಿ ಅಂತಾರಾ?"

"ಮತ್ತೆ ನೀವು ನನ್ನ ಸರ್ ಅನ್ನಬಹುದಾ? ನೀವು ಬಿಡಿ, ನಾನೂ ಬಿಡ್ತೀನಿ."

"ನಾನ್ಯಾಕೆ ಮೊದಲು?"

ಕಾರಿಡಾರಿನ ತುದಿಯಿಂದ ಅಪ್ಪ ವಾಪಸಾಗುತ್ತಿದ್ದರು. ನರ್ಸಿನ ತೋಳು ಹಿಡಿದು, ಇಷ್ಟಿಷ್ಟೇ ಹೆಜ್ಜೆ. ನಡುವೆ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತರು. ಮುಂದೆ ಬರಲಾಗದೆ ಇವರತ್ತ ನೋಡಿದರು.

ಅವಳು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. ಬೆಂಚಿನ ಮೇಲೆ ಅವನು ಇನ್ನೂ ಕಾಯುತ್ತಿದ್ದ.

"ಬಾ" ಎಂದಳು, ಮೆಲ್ಲಗೆ.

"ಏನಂದ್ರಿ?"

"ಏಳೋ, ಬಾ. ಅಪ್ಪನ ಆ ಕಡೆ ಕೈ ನೀನು ಹಿಡ್ಕೋ. ಈ ಕಡೆ ನಾನು."

"ಬಂದೆ ಕಣೇ."